ಗಂಧ ಹಚ್ಚಿದ ಪಿಸ್ತೂಲು

ಈ ಸಲದ ಆಯುಧಪೂಜೆಯ ಬೆಳಿಗ್ಗೆ ನನ್ನ ಹೆಂಡತಿ ಹೊಲಿಗೆ ಯಂತ್ರವನ್ನು ಹಜಾರಕ್ಕೆ ಎಳೆದುಕೊಂಡು ಬಂದಳು. "ಪೂಜೆಗೆ ಮುಂಚೆ ಇದಕ್ಕೊಂದು ತೊಟ್ಟು ಎಣ್ಣೆ ಬಿಡಿ, ತುಳಿದ್ರೆ ಕಿರ್ ಅಂತಿದೆ" ಎಂದಳು. ನಿವೃತ್ತನಾದ ಮೇಲೆ ಮನೆಯಲ್ಲಿ ನನಗೆ ಉಳಿದಿರುವ ಅಧಿಕಾರಗಳು ಇಂಥವೇ. ಎಣ್ಣೆ ಬಿಟ್ಟು ಹಳೆಯ ಬಟ್ಟೆಯಲ್ಲಿ ಒರೆಸಿದೆ. ಅವಳು ಆಗಷ್ಟೇ ತೇಯ್ದ ಗಂಧವನ್ನು ಬೆರಳಲ್ಲಿ ತೆಗೆದು ಚಕ್ರದ ಪಕ್ಕಕ್ಕೆ ಒಂದು ಬೊಟ್ಟಿಟ್ಟು, ಅದರ ನಡುವೆ ಕುಂಕುಮ ಇಟ್ಟಳು. ಎಣ್ಣೆಯ ಮೇಲೆ ಗಂಧ ನಿಲ್ಲಲಿಲ್ಲ. ಮೆಲ್ಲಗೆ ಜಾರಿ ಚಕ್ರದ ಸಂದಿಯ ಕಡೆಗೆ ಇಳಿಯಿತು. ಯಂತ್ರದೆಣ್ಣೆಯ ವಾಸನೆ, ಹಸಿಗಂಧದ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬಂದವು. ಆ ಕ್ಷಣ ನಾನು ಮನೆಯ ಹಜಾರದಲ್ಲಿರಲಿಲ್ಲ… ಕೃಷ್ಣಗಿರಿಯ ಹೊರಗೆ, ಬಂಡೆಗುಡ್ಡದ ಬುಡದಲ್ಲಿ, ಗುಂಡು ಹೊಡೆಯುವ ಮೈದಾನದ ಹುಣಸೆಮರದ ಕೆಳಗೆ ನಿಂತಿದ್ದೆ. ಪಕ್ಕದಲ್ಲಿ ಇನ್‌ಸ್ಪೆಕ್ಟರಮ್ಮ ಇದ್ದರು.

ಅವರ ಹೆಸರನ್ನು ನಾನು ಎಂದೂ ಬಾಯಿಬಿಟ್ಟು ಕರೆದವನಲ್ಲ. ಪೊಲೀಸಿನಲ್ಲಿ ಹೆಸರಿಗಿಂತ ಭುಜದ ಮೇಲಿನ ನಕ್ಷತ್ರ ದೊಡ್ಡದು. ಅವರಿಗೆ ಮೂರು, ನನಗೆ ಎರಡು. ವಯಸ್ಸಿನಲ್ಲಿ ಮಾತ್ರ ನಾನು ದೊಡ್ಡವನು. ನಮ್ಮದು ಹೊಸೂರಿನಲ್ಲಿ ತಲೆತಲಾಂತರದಿಂದ ಇರುವ ಮನೆ. ಅಪ್ಪ, ಚಿಕ್ಕಪ್ಪ, ಅಣ್ಣ ಎಲ್ಲರೂ ಕನ್ನಡ ಶಾಲೆಯ ಮೇಷ್ಟ್ರುಗಳು. ನಾನೊಬ್ಬ ದಾರಿ ತಪ್ಪಿ ಪೊಲೀಸಿಗೆ ಸೇರಿದೆ. ಆದರೂ ಮನೆತನ ಬಿಡಲಿಲ್ಲ. ಇಲಾಖೆ ನನ್ನನ್ನು ಪಿಸ್ತೂಲು, ಬಂದೂಕು ಹೊಡೆಯುವುದನ್ನು ಕಲಿಸುವ ಮೇಷ್ಟ್ರನ್ನಾಗಿ ಮಾಡಿ ಕೂರಿಸಿತು.

ಇನ್‌ಸ್ಪೆಕ್ಟರಮ್ಮ ಅಂಚೆಟ್ಟಿಯಿಂದ ಆಚೆ ನಾಟ್ರಾಂಪಾಳ್ಯದವರು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಅಟ್ಟಣೆಯ ಮೇಲೆ ಕೂತು, ಆನೆ ಬರದ ಹಾಗೆ ತಗಡು ಬಡಿಯುತ್ತ ರಾಗಿ ಹೊಲ ಕಾದವರು. ಆ ಕಾಡಿನ ಊರಿಂದ ನಡೆದು, ಬಸ್ಸು ಹಿಡಿದು, ಓದಿ, ಪರೀಕ್ಷೆ ಪಾಸು ಮಾಡಿ ಬಂದಿದ್ದರು. ಕುಳ್ಳಗಿದ್ದರು. ಗಟ್ಟಿಮುಟ್ಟಾದ ಮೈ, ಆದರೆ ಕೈ ಮಾತ್ರ ಸಣ್ಣದು. ಬಳೆ ಅಂಗಡಿಯವರು ಮಕ್ಕಳ ಅಳತೆಯ ಪೆಟ್ಟಿಗೆ ತೆಗೆಯುತ್ತಾರೆ ಎಂದು ಅವರೇ ನಗುತ್ತಿದ್ದರು. ಕಚೇರಿಯಲ್ಲಿ ಅಚ್ಚುಕಟ್ಟಾದ ತಮಿಳು ಮಾತಾಡುತ್ತಿದ್ದರು. ಹುಣಸೆಮರದ ಕೆಳಗೆ ನಾವಿಬ್ಬರೇ ಇದ್ದಾಗ ಮಾತ್ರ ನಾನು "ಅಣ್ಣ" ಆಗುತ್ತಿದ್ದೆ, ನಮ್ಮ ಕನ್ನಡ ಹೊರಗೆ ಬರುತ್ತಿತ್ತು.

ಆಗ ನಮ್ಮ ಠಾಣೆಗಳ ಅಧಿಕಾರಿಗಳಿಗೆ ಎರಡು ಬಗೆಯ ಕೈಬಂದೂಕು ಕೊಡುತ್ತಿದ್ದರು. ಒಂದು, ಹಳೆಯ ಪಾಯಿಂಟ್ ಮೂವತ್ತೆಂಟರ ರಿವಾಲ್ವರ್. ಗುಂಡು ತುಂಬುವ ಡ್ರಮ್ಮು ಸವೆದು ಹೋಗಿ, ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು ಮಾಡುತ್ತಿತ್ತು. ಇನ್ನೊಂದು, ದಪ್ಪ ಹಿಡಿಯ ನೈನ್ ಎಂಎಂ ಪಿಸ್ತೂಲು. ಗಟ್ಟಿ ಆಯುಧ, ನಂಬಬಹುದಾದ ಆಯುಧ, ಆದರೆ ಯಾವನೋ ಆರಡಿಯ ಸಿಪಾಯಿಯ ಕೈ ಅಳೆದು ಮಾಡಿದ್ದು. ಇನ್‌ಸ್ಪೆಕ್ಟರಮ್ಮನ ಸೊಂಟದಲ್ಲಿ ಇದ್ದದ್ದು ಅದೇ.

ಅದು ಅವರಿಗೆ ಏನು ಮಾಡಿತು ಎಂಬುದು ನಮಗೆಲ್ಲ ಗೊತ್ತಿತ್ತು. ಬಾಗಲೂರಿನ ಕಡೆ, ಗಡಿಗೆ ಹತ್ತಿರದ ಒಂದು ರಸ್ತೆಯಲ್ಲಿ ವಾಹನ ತಪಾಸಣೆ ಮಾಡಿಸುತ್ತಿದ್ದಾಗ, ನಿಲ್ಲಿಸಿದ ಗೂಡ್ಸ್ ಆಟೋದಿಂದ ಒಬ್ಬ ಮಚ್ಚು ಹಿಡಿದು ಇಳಿದ. ಇವರು ಪಿಸ್ತೂಲು ಎಳೆದರು. ಎಳೆದದ್ದು ಸರಿಯಾಗಿಯೇ. ಆದರೆ ಆ ದಪ್ಪ ಹಿಡಿಯನ್ನು ಪೂರ್ತಿ ಹಿಡಿದರೆ ತೋರುಬೆರಳಿನ ತುದಿ ಕುದುರೆಗೆ, ಅಂದರೆ ಟ್ರಿಗರಿಗೆ, ತಾಗುತ್ತಿತ್ತೇ ಹೊರತು ಎಳೆಯಲು ಬಲ ಸಿಗುತ್ತಿರಲಿಲ್ಲ. ಹಿಡಿತ ಬದಲಿಸಲು ಹೋದರು. ಅಷ್ಟರಲ್ಲಿ ಅವರ ಜೀಪಿನ ಡ್ರೈವರ್ ಅಡ್ಡ ಬಂದ. ಏಟು ಅವನ ಎಡಭುಜಕ್ಕೆ ಬಿತ್ತು. ಉಳಿದವರು ಮೇಲೆ ಬಿದ್ದು ಮಚ್ಚಿನವನನ್ನು ಹಿಡಿದರು. ಪಿಸ್ತೂಲಿನಿಂದ ಒಂದು ಗುಂಡೂ ಹಾರಲಿಲ್ಲ. ಡ್ರೈವರ್ ಬದುಕಿದ, ಆದರೆ ಎಡಗೈಯಲ್ಲಿ ಗೇರು ಹಾಕುವ ಶಕ್ತಿ ವಾಪಸು ಬರಲಿಲ್ಲ. ಅವನನ್ನು ವೈರ್‌ಲೆಸ್ ಕೋಣೆಗೆ ಹಾಕಿದರು. ಸ್ಟಿಯರಿಂಗು ಬಿಟ್ಟರೆ ಬೇರೆ ಪ್ರಪಂಚ ಗೊತ್ತಿಲ್ಲದ ಮನುಷ್ಯ ಅವನು.

ಅದಾದ ಮೇಲೆ ಇನ್‌ಸ್ಪೆಕ್ಟರಮ್ಮ ಆಗಾಗ ಮೈದಾನಕ್ಕೆ ಬಂದು, ಗುಂಡಿಲ್ಲದ ಪಿಸ್ತೂಲು ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು. "ಬೆರಳು ಎಟಕಲ್ಲ ಕಣಣ್ಣ. ಎಂಗ್ ಹಿಡಿದ್ರೂ ಎಟಕಲ್ಲ. ಒನಕೆ ಹಿಡ್ಕಂಡಂಗೆ ಆಗ್ತೈತೆ" ಎನ್ನುತ್ತಿದ್ದರು. ಇದನ್ನು ಮೇಲಿನವರಿಗೂ ಹೇಳಿದ್ದರು. ಕ್ಯಾಂಟೀನಿನಲ್ಲಿ ಕೂತ ಗಂಡಸರು ಅದಕ್ಕೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಎಂದರು. ಈ ಗಾದೆ ನಮ್ಮೂರಲ್ಲಿ ತಮಿಳಿನಲ್ಲೂ ಇದೆ, ಹಾಗಾಗಿ ಅವರಿಗೆ ಅದನ್ನು ಎರಡು ಭಾಷೆಯಲ್ಲಿ ಕೇಳುವ ಭಾಗ್ಯ ಬಂತು.

ಅಂಥ ಹೊತ್ತಿನಲ್ಲೇ ಚೆನ್ನೈನಿಂದ ಸುತ್ತೋಲೆ ಬಂತು. ಹಳೆಯ ರಿವಾಲ್ವರುಗಳನ್ನು ವಾಪಸು ಪಡೆಯುತ್ತೇವೆ, ಅದರ ಬದಲಿಗೆ ಅಧಿಕಾರಿಗಳಿಗೆ ಯಾವ ಕೈಬಂದೂಕು, ಯಾವ ಅಳತೆಯ ಗುಂಡು ಬೇಕು ಎಂಬುದನ್ನು ಹೊಡೆದು ನೋಡಿ ತಿಳಿಸಿ, ನಿಮ್ಮ ಕಡೆಗೆ ನೀವು ಹೇಳಿದ್ದನ್ನೇ ಕೊಡುತ್ತೇವೆ ಎಂದು. ಜೊತೆಗೆ ಮೂರು ಪಿಸ್ತೂಲು ಕಳಿಸಿದ್ದರು. ಒಂದು ಅದೇ ದಪ್ಪ ಹಿಡಿಯ ನೈನ್ ಎಂಎಂ. ಎರಡನೆಯದು ಹೊಸದು, ಅದೂ ನೈನ್ ಎಂಎಂ, ಆದರೆ ತೆಳು ಹಿಡಿ, ಹಗುರ. ಮೂರನೆಯದು ಪಾಯಿಂಟ್ ಮೂವತ್ತೆರಡು, ಪುಟ್ಟದು. ಬಂದ ದಿನವೇ ಯಾರೋ ಅದಕ್ಕೆ ಪೌಡರ್ ಡಬ್ಬಿ ಎಂದು ಹೆಸರಿಟ್ಟರು.

ಈ ಮೂವತ್ತೆರಡು, ಮೂವತ್ತೆಂಟು, ನೈನ್ ಎಂಎಂ ಎಲ್ಲ ಗುಂಡಿನ ದಪ್ಪದ ಲೆಕ್ಕ, ಮೂರರಲ್ಲಿ ಮೂವತ್ತೆರಡೇ ಸಣ್ಣದು. ದಪ್ಪ ಇದ್ದಷ್ಟೂ ಒಳ್ಳೆಯದು ಎಂದು ಹೊರಗಿನವರು ತಿಳಿಯುತ್ತಾರೆ. ಒಳಗಿನವರೂ ಬಹಳ ಜನ ಹಾಗೇ ತಿಳಿಯುತ್ತಾರೆ, ಅವರಿಗೆ ಕಲಿಸಿ ನನ್ನ ಅರ್ಧ ನೌಕರಿ ಸವೆಯಿತು. ಗುಂಡು ತೀರಾ ಸಣ್ಣದಾದರೆ ಎದುರು ಬರುವವನು ನಿಲ್ಲುವುದಿಲ್ಲ. ತೀರಾ ಜೋರಾದರೆ ಅವನನ್ನು ದಾಟಿ ಹೋಗಿ, ಹೊಸೂರು ಬಸ್‌ಸ್ಟ್ಯಾಂಡಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತವಳಿಗೆ ತಗಲುತ್ತದೆ. ಇನ್ನು ಆಯುಧ ಕೈಗೇ ಹಿಡಿಯದಿದ್ದರೆ ಗುಂಡಿನ ಮಾತೇ ಬರುವುದಿಲ್ಲ. ನೈನ್ ಎಂಎಂ ನಮ್ಮ ಕೆಲಸಕ್ಕೆ ಹದವಾದದ್ದು ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ತಕರಾರು ಇದ್ದದ್ದು ಯಾರಿಗೆ ಯಾವುದು ಎಂಬುದರಲ್ಲಿ. ಗಂಡಸರಿಗೆ ಈಗಿರುವ ದಪ್ಪ ಪಿಸ್ತೂಲೇ ಇರಲಿ, ಹೆಂಗಸರಿಗೆ ಪೌಡರ್ ಡಬ್ಬಿ ಸಾಕು ಎಂದು ಸಭೆಗೆ ಮುಂಚೆಯೇ ಮುಕ್ಕಾಲು ಪಾಲು ತೀರ್ಮಾನವಾಗಿತ್ತು.

ಸಭೆ ಡಿಎಸ್‌ಪಿ ಸಾಹೇಬರ ಕೋಣೆಯಲ್ಲಿ. ಹಣೆ ತುಂಬ ವಿಭೂತಿ ಬಳಿಯುವ, ಕೆಟ್ಟವರಲ್ಲದ, ಜಗಳ ಬೇಡವೆನ್ನುವ ಮನುಷ್ಯ. ಕಾಡಿನ ಕಡೆಯ ಠಾಣೆಯಿಂದ ಬಂದಿದ್ದ ಒಬ್ಬ ಅಧಿಕಾರಿ, ನಮ್ಮಲ್ಲಿ ಆನೆ ಕಾಟ ಇದೆ, ಇನ್ನೂ ದೊಡ್ಡ ಗುಂಡಿನದೇ ಬೇಕು ಎಂದು ಶುರು ಮಾಡಿದರು. ಇನ್‌ಸ್ಪೆಕ್ಟರಮ್ಮ ತಮಿಳಿನಲ್ಲಿ, "ಸಾರ್, ನಾನು ಹುಟ್ಟಿದ್ದೇ ಆನೆಯ ನಡುವೆ. ಅದಕ್ಕೆ ಪಟಾಕಿ ಸಾಕು, ಪಿಸ್ತೂಲು ತೋರಿಸಿದರೆ ಅದಕ್ಕೆ ಸಿಟ್ಟು ಬರುತ್ತದೆ" ಎಂದರು. ಎಲ್ಲರೂ ನಕ್ಕರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಆ ಸಭೆಯಲ್ಲಿ ಒಮ್ಮತ ಮೂಡಿದ್ದು ಅದೊಂದು ವಿಷಯಕ್ಕೆ.

ಆಮೇಲೆ ಅವರು ತಮ್ಮ ಚೀಲದಿಂದ ಒಂದು ಇಟ್ಟಿಗೆ ತೆಗೆದು ಮೇಜಿನ ಮೇಲಿಟ್ಟರು. ಡಿಎಸ್‌ಪಿಯವರನ್ನು, ಸಾರ್, ಇದನ್ನು ಒಂದೇ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಅದೇ ಕೈಯ ತೋರುಬೆರಳಲ್ಲಿ ನಿಮ್ಮ ಮೇಜಿನ ಬೆಲ್ ಒತ್ತಿ ಎಂದು ಕೇಳಿಕೊಂಡರು. ಅವರು ಹಿಡಿದರು. ಬೆರಳು ಚಾಚಿದರು, ಬೆಲ್ ತಾಗಿತು, ಒತ್ತಲು ಬಲ ಬರಲಿಲ್ಲ. ಮತ್ತೆ ಒತ್ತಿದರೆ ಇಟ್ಟಿಗೆ ಜಾರಿ ಕಾಗದಗಳ ಮೇಲೆ ಬಿತ್ತು. ಸದ್ದು ಕೇಳಿ ಹೊರಗಿದ್ದ ಆರ್ಡರ್ಲಿ ಓಡಿ ಬಂದ. "ನನಗೂ ಹೀಗೇ ಆಯಿತು ಸಾರ್. ಬಂದದ್ದು ಆರ್ಡರ್ಲಿಯಲ್ಲ, ಮಚ್ಚು" ಎಂದರು ಇನ್‌ಸ್ಪೆಕ್ಟರಮ್ಮ.

ಅವರ ವಾದ ಸರಳವಾಗಿತ್ತು. ತೆಳು ಹಿಡಿಯ ನೈನ್ ಎಂಎಂ ಸಣ್ಣ ಕೈಗೂ ಹಿಡಿಯುತ್ತದೆ, ದೊಡ್ಡ ಕೈಗೂ ಹಿಡಿಯುತ್ತದೆ. ಎಲ್ಲರಿಗೂ ಅದನ್ನೇ ಕೊಡಿ. ಹೆಂಗಸರಿಗೆ ಬೇರೆ ಗುಂಡು ಕೊಟ್ಟರೆ, ನನ್ನದು ಖಾಲಿಯಾದಾಗ ಪಕ್ಕದವನ ಗುಂಡು ತುಂಬಿದ ಮ್ಯಾಗಜೀನು ನನಗೆ ಬರುವುದಿಲ್ಲ, ನನ್ನದು ಅವನಿಗೆ ಬರುವುದಿಲ್ಲ. ಒಂದೇ ಜೀಪಿನಲ್ಲಿ ಹೋಗುವವರು ಎರಡು ಅಡುಗೆ ಮನೆ ಇಟ್ಟುಕೊಂಡ ಹಾಗೆ. ಡಿಎಸ್‌ಪಿ, ಮೂರನ್ನೂ ಹೊಡೆದು ನೋಡೋಣ, ಯಾವುದು ಕೈಕೊಡುತ್ತದೋ ಅದು ಬೇಡ ಎಂದರು. ಒಳ್ಳೆಯ ಕೆಲಸ ವಿಜಯದಶಮಿಯ ದಿನ ಶುರುವಾಗಲಿ ಎಂದು ದಿನವನ್ನೂ ಅವರೇ ಗೊತ್ತು ಮಾಡಿದರು.

ಹಿಂದಿನ ದಿನ ಆಯುಧಪೂಜೆ. ಆಯುಧಗಳನ್ನೇ ಇಟ್ಟುಕೊಂಡು ಬದುಕುವ ನಮಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಕೋಣೆ ತೊಳೆದು, ಮೇಜಿಗೆ ಬಿಳಿ ಪಂಚೆ ಹಾಸಿ, ಬಂದೂಕುಗಳನ್ನು ಸಾಲಾಗಿ ಜೋಡಿಸಿ, ಹೊಸೂರಿನಿಂದ ತರಿಸಿದ ಸೇವಂತಿಗೆ ಮಾಲೆ ಹಾಕುತ್ತಿದ್ದೆವು. ಪುರಿ, ಕಡಲೆ, ಬೆಲ್ಲ, ಒಡೆಯಲು ಬೂದುಗುಂಬಳ. ಪರೀಕ್ಷೆಗೆಂದು ಬಂದಿದ್ದ ಮೂರು ಪಿಸ್ತೂಲುಗಳೂ ಆ ಸಾಲಿನಲ್ಲಿ ಕೂತವು. ಪೂಜೆಗೆ ಕೂರಿಸದಿದ್ದರೆ ಅವುಗಳಿಗೆ ಅವಮಾನ ಎಂಬಂತೆ. ಡಿಎಸ್‌ಪಿ, "ಈ ವರ್ಷ ಹೆಣ್ಣುಮಗಳ ಕೈಯಿಂದ ಆಗಲಮ್ಮ" ಎಂದು ಗಂಧದ ಬಟ್ಟಲನ್ನು ಇನ್‌ಸ್ಪೆಕ್ಟರಮ್ಮನ ಕೈಗೆ ಕೊಟ್ಟರು. ಇನ್‌ಸ್ಪೆಕ್ಟರಮ್ಮನಿಗೆ ದೇವರೆಂದರೆ ಬಹಳ ಭಕ್ತಿ. ಟೊಪ್ಪಿ ತೆಗೆದಿಟ್ಟು, ಕೈ ತೊಳೆದುಕೊಂಡು, ಒಂದೊಂದಕ್ಕೂ ಧಾರಾಳವಾಗಿ ಗಂಧ ಹಚ್ಚಿ ಕುಂಕುಮ ಇಟ್ಟರು. ಎಲ್ಲ ಆಯುಧಗಳಿಗೂ ಪೂಜೆಯ ಹಿಂದಿನ ದಿನವೇ ಎಣ್ಣೆ ಬಿಟ್ಟಿದ್ದೆವು. ಗಂಧ ಕೆಲವು ಕಡೆ ಜಾರಿತು. ಯಾರೂ ಅದನ್ನು ಗಮನಿಸಲಿಲ್ಲ. ಗಮನಿಸಿದ್ದರೂ ಒರೆಸುತ್ತಿರಲಿಲ್ಲ, ಏಕೆಂದರೆ ಪೂಜೆಗಿಟ್ಟ ಆಯುಧವನ್ನು ಮರುದಿನದ ಮರುಪೂಜೆ ಆಗುವವರೆಗೆ ಮುಟ್ಟಬಾರದು. ಕಳ್ಳನೂ ಆ ಒಂದು ದಿನ ನಮ್ಮ ಮೇಲೆ ಕರುಣೆ ತೋರಬೇಕು ಎಂಬುದು ನಮ್ಮ ಇಲಾಖೆಯ ನಂಬಿಕೆ.

ವಿಜಯದಶಮಿಯ ಬೆಳಿಗ್ಗೆ ಮರುಪೂಜೆ ಮುಗಿಸಿ, ಮೇಲಿನ ಹೂವು ತೆಗೆದು, ಕಣ್ಣಿಗೆ ಕಾಣುವ ಗಂಧ ಕುಂಕುಮ ಒರೆಸಿ ಮೂರನ್ನೂ ಮೈದಾನಕ್ಕೆ ತಂದರು. ಹೊಡೆಯುವವನು ನಾನು. ಮೊದಲು ದಪ್ಪ ಹಿಡಿಯದು. ಅದರ ಸ್ಪ್ರಿಂಗು ಎತ್ತಿನ ಕತ್ತಿನಂಥದು, ಏನಿದ್ದರೂ ತಳ್ಳಿಕೊಂಡು ಹೋಗುತ್ತದೆ. ತೊಂದರೆಯಿಲ್ಲದೆ ಮುಗಿಯಿತು. ಆಮೇಲೆ ತೆಳು ಹಿಡಿಯದು. ಅದೂ ಸಲೀಸಾಗಿ ಹೊಡೆಯಿತು. ಇನ್‌ಸ್ಪೆಕ್ಟರಮ್ಮನ ಮುಖ ಅರಳಿದ್ದನ್ನು ನೋಡಿದೆ. ಕೊನೆಗೆ ಪೌಡರ್ ಡಬ್ಬಿ. ಮೊದಲ ಮ್ಯಾಗಜೀನು ಸರಿಯಾಗಿ ಹೋಯಿತು. ಎರಡನೆಯದರಲ್ಲಿ ಮೇಲಿನ ಭಾಗ ಹಿಂದಕ್ಕೆ ಹೋದದ್ದು ಪೂರ್ತಿ ಮುಂದಕ್ಕೆ ಬರಲಿಲ್ಲ, ಅರ್ಧಕ್ಕೆ ನಿಂತಿತು. ಸರಿಮಾಡಿ ಹೊಡೆದೆ, ಮತ್ತೆ ನಿಂತಿತು. ಮತ್ತೊಮ್ಮೆಯೂ ಹಾಗೇ ಆಯಿತು.

ಡಿಎಸ್‌ಪಿ ಕುರ್ಚಿಯಿಂದ ಎದ್ದರು. "ಸರಿ, ಮೂವತ್ತೆರಡು ಬೇಡ. ತೆಳು ಹಿಡಿಯದನ್ನೇ ಬರೆಯೋಣ. ಇನ್‌ಸ್ಪೆಕ್ಟರಮ್ಮನ ಇಟ್ಟಿಗೆ ಗೆದ್ದಿತು" ಎಂದು ನಕ್ಕರು. ಬರೆದುಕೊಳ್ಳುವ ಕಾನ್‌ಸ್ಟೇಬಲ್ ಪೆನ್ನು ತೆಗೆದ.

ಇನ್‌ಸ್ಪೆಕ್ಟರಮ್ಮ ನನ್ನ ಹತ್ತಿರ ಬಂದು ಆ ಪುಟ್ಟ ಪಿಸ್ತೂಲನ್ನು ಇಸಿದುಕೊಂಡರು. ಮ್ಯಾಗಜೀನು ತೆಗೆದು, ಒಳಗೆ ಗುಂಡಿಲ್ಲವೆಂದು ನೋಡಿ, ಬಿಸಿಲಿಗೆ ಹಿಡಿದರು. ಮೇಲಿನ ಭಾಗ ಕೆಳಗಿನದರ ಮೇಲೆ ಜಾರುವ ಸಂದಿಯಲ್ಲಿ ಉಗುರು ಆಡಿಸಿದರು. ಒಂದಿಷ್ಟು ಹಳದಿ ಪುಡಿ ಉದುರಿ ಅವರ ಅಂಗೈಯ ಮೇಲೆ ಬಿತ್ತು. ಅದನ್ನು ಮೂಗಿನ ಹತ್ತಿರ ತಂದುಕೊಂಡರು. ಅಂಗೈ ಮುಚ್ಚಿದರು. ಹುಣಸೆಮರದ ಮೇಲೆ ಕೋತಿಗಳು ಕಿತ್ತಾಡುತ್ತಿದ್ದವು, ಅವುಗಳನ್ನೇ ನೋಡುತ್ತ ನಿಂತರು. ಸುಮ್ಮನೆ ಅಂಗೈ ಕೊಡವಿದ್ದರೆ ಸಾಕಿತ್ತು. ಅವರು ಬಯಸಿದ್ದು ಅವರಿಗೂ, ಅವರಂಥ ಎಲ್ಲ ಹೆಣ್ಣುಮಕ್ಕಳಿಗೂ ಸಿಗುತ್ತಿತ್ತು. ಏನಾಗಿದೆ ಎಂದು ನನಗೆ ಹೊಳೆಯುವಷ್ಟರಲ್ಲಿ ಅವರು ಡಿಎಸ್‌ಪಿಯ ಮುಂದೆ ಹೋಗಿ ನಿಂತಿದ್ದರು.

"ಸಾರ್, ಇದು ಕೆಟ್ಟಿಲ್ಲ. ನಿನ್ನೆ ನಾನು ಹಚ್ಚಿದ ಗಂಧ ಸಂದಿಯೊಳಗೆ ಇಳಿದು ಒಣಗಿದೆ. ತೊಳೆದು ಮತ್ತೆ ಹೊಡೆಸಿ."

ಹಿಂದೆ ನಿಂತಿದ್ದವರಲ್ಲಿ ಒಬ್ಬ, ಬೇಕೆಂತಲೇ ಹಚ್ಚಿರಬೇಕು ಎಂದ. ಮೆಲ್ಲಗೆ ಅಂದದ್ದಾದರೂ ಬಂಡೆಗುಡ್ಡ ಅದನ್ನು ಎಲ್ಲರಿಗೂ ಕೇಳುವಂತೆ ಮಾಡಿತು. ಇನ್‌ಸ್ಪೆಕ್ಟರಮ್ಮ ತಿರುಗಿ ನೋಡಲಿಲ್ಲ. ನಾನು ಹುಣಸೆಮರದ ಕೆಳಗೆ ಕೂತು ಅದನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ಬ್ರಷ್ಷಿನಿಂದ ತೊಳೆದು, ಒರೆಸಿ, ಎಣ್ಣೆ ಬಿಟ್ಟು ಜೋಡಿಸಿದೆ. ಮತ್ತೆ ಹೊಡೆದಾಗ ಪೌಡರ್ ಡಬ್ಬಿ ಒಂದು ಸಲವೂ ನಿಲ್ಲಲಿಲ್ಲ. ನಿಲ್ಲಲಿ ಎಂದು ನನಗೆ ಆಸೆಯಿತ್ತು, ಸುಳ್ಳು ಯಾಕೆ ಹೇಳಲಿ.

ಮೂರೂ ಸರಿಯಿವೆ ಎಂದ ಮೇಲೆ ಹಳೆಯ ತೀರ್ಮಾನವೇ ಗೆದ್ದಿತು. ಗಂಡಸರಿಗೆ ಈಗಿರುವುದು, ಹೆಂಗಸರಿಗೆ ಮೂವತ್ತೆರಡು. ಇನ್‌ಸ್ಪೆಕ್ಟರಮ್ಮ ಒಂದೇ ಗುಂಡಿನ ಮಾತನ್ನು ಮತ್ತೆ ತೆಗೆದರು. ಡಿಎಸ್‌ಪಿ, "ಅದು ಒಳ್ಳೆಯದಿದೆ ಅಂತ ನೀನೇ ಸಾಕ್ಷಿ ಹೇಳಿದೆಯಲ್ಲಮ್ಮ" ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಮೇಲೆ ಅವರಿಗೆ ಒಂದು ಮೆಮೊ ಬಂತು, ಪರೀಕ್ಷೆಯ ಆಯುಧಗಳನ್ನು ಅಜಾಗರೂಕತೆಯಿಂದ ನಿರ್ವಹಿಸಿದ್ದಕ್ಕೆ ಸಮಜಾಯಿಷಿ ಕೊಡಿ ಎಂದು. ಗಂಧದ ಬಟ್ಟಲು ಕೊಟ್ಟವರೂ ಡಿಎಸ್‌ಪಿ, ಮೆಮೊಗೆ ಸಹಿ ಹಾಕಿದವರೂ ಅವರೇ. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ.

ಸುದ್ದಿ ವೈರ್‌ಲೆಸ್ ಕೋಣೆಗೂ ಹೋಯಿತು. ಹಳೆಯ ಡ್ರೈವರ್ ಮೈದಾನಕ್ಕೆ ಬಂದು, ನನ್ನ ಎದುರೇ ಅವರನ್ನು ಕೇಳಿದ. ಬಾಗಲೂರಿನ ಕಡೆಯವನು, ಅವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ.

"ಸುಮ್ಕೆ ಇದ್ದಿದ್ರೆ ಆಗ್ತಿರ್ಲಿಲ್ವಾ ಮೇಡಂ? ನಂದಂತೂ ಹೋಯ್ತು. ಮುಂದೆ ಬರೋ ಹೆಣ್ಮಕ್ಳಿಗಾದ್ರೂ ಒಳ್ಳೆ ಗನ್ನು ಸಿಕ್ಬುಡ್ತಿತ್ತು."

ಅವನು ಹೇಳುತ್ತಿದ್ದದ್ದು ನ್ಯಾಯವೇ. ಅವರಿಗೂ ಅದು ಗೊತ್ತಿತ್ತು. ಅವನ ಭುಜದ ಕಡೆ ನೋಡಿದರು, ಕಣ್ಣು ತುಂಬಿತು. ಅವರ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೊಂದೇ ಸಲ.

"ಅದು ಕೆಟ್ಟಿರ್ಲಿಲ್ಲ ಕಣ್ಲಾ. ಕೆಟ್ಟೋಗೈತೆ ಅಂತ ಬರೆಸ್ಬುಟ್ಟು, ನಾಳೆ ಇನ್ನೊಂದು ಒಳ್ಳೇದೈತೆ ಅಂತ ನಾನ್ ಹೇಳಿದ್ರೆ ಯಾರ್ಲಾ ನಂಬ್ತಾರೆ? ನೀನು ನಂಬ್ತೀಯಾ?"

ಅವನು ಒಳ್ಳೆಯ ಕೈಯಲ್ಲಿ ಇನ್ನೊಂದು ಕೈಯನ್ನು ಹಿಡಿದುಕೊಂಡು ಹೊರಟು ಹೋದ.

ಇನ್‌ಸ್ಪೆಕ್ಟರಮ್ಮನಿಗೆ ಪೌಡರ್ ಡಬ್ಬಿ ಬಂತು. ಅವರು ಅದನ್ನು ದೂರಲಿಲ್ಲ. "ಕೊಟ್ಟಿರೋದು ಇದೇ ತಾನೆ ಅಣ್ಣ, ಇದ್ರಾಗೇ ಹೊಡೀಬೇಕು" ಎಂದು ಬಿಡುವಾದಾಗಲೆಲ್ಲ ಬಂದು ಅಭ್ಯಾಸ ಮಾಡಿದರು. ನಮ್ಮ ಮೈದಾನದಲ್ಲಿ ಅದರಲ್ಲಿ ಅವರಷ್ಟು ನೇರ ಹೊಡೆದವರನ್ನು ನಾನು ಕಾಣೆ. ಹೊಸದಾಗಿ ಯಾವ ಹಿರಿಯ ಅಧಿಕಾರಿ ಬಂದರೂ ಸೆಲ್ಯೂಟು ಹೊಡೆದು, ಎಲ್ಲರಿಗೂ ಒಂದೇ ಗುಂಡು ಕೊಡಿಸಿ ಸಾರ್ ಎಂದು ಹೇಳುವುದನ್ನೂ ಬಿಡಲಿಲ್ಲ. ಇಟ್ಟಿಗೆ ಅವರ ಜೀಪಿನಲ್ಲೇ ಇರುತ್ತಿತ್ತು.

ಮುಂದಿನ ವರ್ಷದ ಆಯುಧಪೂಜೆಗೆ ಗಂಧದ ಬಟ್ಟಲನ್ನು ಯಾರೂ ಅವರ ಕೈಗೆ ಕೊಡಲಿಲ್ಲ. ಅವರೇ ಹೋಗಿ ತೆಗೆದುಕೊಂಡರು. ಪಿಸ್ತೂಲುಗಳನ್ನೆಲ್ಲ ಅವುಗಳ ಚರ್ಮದ ಪೌಚಿನೊಳಗೆ ಹಾಕಿಸಿ, ಪೌಚಿನ ಮೇಲೆ ಮಾತ್ರ ಗಂಧ ಹಚ್ಚಿದರು. ಬಂದೂಕುಗಳಿಗೆ ಮರದ ಹಿಂಭಾಗಕ್ಕೆ ಮಾತ್ರ. ಯಾರೋ ಗೊಣಗಿದ್ದಕ್ಕೆ, "ತಾಯಿ ಒಳಗಿರೋದನ್ನೂ ನೋಡ್ತಾಳೆ, ನೀ ಕುಂಕುಮ ಕೊಡ್ಲಾ" ಎಂದು ಕೈ ಚಾಚಿದರು. ಅಲ್ಲಿಂದ ಮುಂದೆ ಅವರು ಇರುವವರೆಗೂ ಹಾಗೇ ನಡೆಯಿತು.

ಅವರು ಬಹಳ ವರ್ಷ ಇರಲಿಲ್ಲ. ಶೂಳಗಿರಿಯ ಹತ್ತಿರ ಹೆದ್ದಾರಿಯಲ್ಲಿ, ಮಂಜು ಕವಿದ ಒಂದು ಬೆಳಿಗ್ಗೆ, ಎರಡು ವಾಹನ ಡಿಕ್ಕಿ ಹೊಡೆದು ನಿಂತಿದ್ದವು. ಹಿಂದಿನಿಂದ ಬರುವವರಿಗೆ ಕಾಣಲಿ ಎಂದು ಇವರು ರಸ್ತೆಗೆ ಅಡ್ಡ ಬ್ಯಾರಿಕೇಡು ಎಳೆಸುತ್ತಿದ್ದರು. ಹಿಂದಿನಿಂದ ಬಂದ ಲಾರಿಯವನಿಗೆ ಕಾಣಲಿಲ್ಲ. ಅಷ್ಟೇ. ಮೂವತ್ತೆರಡೋ ನೈನ್ ಎಂಎಮ್ಮೋ, ಆ ಬೆಳಿಗ್ಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ. ಅವರ ಪಿಸ್ತೂಲು ವಾಪಸು ಬಂದಾಗ ಪರೀಕ್ಷಿಸಲು ನನ್ನ ಕೈಗೇ ಕೊಟ್ಟರು. ಎಣ್ಣೆ ಹದವಾಗಿತ್ತು, ಸಂದಿಯಲ್ಲಿ ಧೂಳಿನ ಕಣವೂ ಇರಲಿಲ್ಲ. ಡ್ಯೂಟಿಯಲ್ಲಿ ಅವರು ಯಾರ ಮೇಲೂ ಅದನ್ನು ಹಾರಿಸಿದ್ದಿಲ್ಲ. ಕಾಗದಕ್ಕೆ ಸಹಿ ಹಾಕಿ ಕೊಟ್ಟು, ಹುಣಸೆಮರದ ಕೆಳಗೆ ಹೋಗಿ ಕೂತೆ…

ನಾಟ್ರಾಂಪಾಳ್ಯಕ್ಕೆ ನಾವೆಲ್ಲ ಹೋಗಿದ್ದೆವು. ಗಾಳಿಯಲ್ಲಿ ಮರ್ಯಾದೆಯ ಗುಂಡು ಹಾರಿಸಿದಾಗ, ಗುಡ್ಡದ ಆಚೆಯಿಂದ ಅದರ ಸದ್ದು ತಿರುಗಿ ಬಂತು. ಆನೆ ಬಂತೆಂದು ಯಾರೋ ಪಟಾಕಿ ಹೊಡೆದರು ಎಂದುಕೊಂಡು ಪಕ್ಕದ ಹೊಲದಿಂದ ಒಬ್ಬ ಮುದುಕ ಓಡಿ ಬಂದ. ಅವರಿದ್ದಿದ್ದರೆ ಇದಕ್ಕೆ ಬಿದ್ದು ಬಿದ್ದು ನಗುತ್ತಿದ್ದರು ಎನ್ನಿಸಿ, ಅಲ್ಲಿ ನಿಂತಿರಲು ಕಷ್ಟವಾಯಿತು.

ಅವರು ಹೋದ ಕೆಲವು ತಿಂಗಳಿಗೆ ಚೆನ್ನೈನಿಂದ ಪೆಟ್ಟಿಗೆಗಳು ಬಂದವು. ತೆಳು ಹಿಡಿಯ ನೈನ್ ಎಂಎಂ. ಗಂಡಸರಿಗೂ ಹೆಂಗಸರಿಗೂ ಅದೇ. ಯಾಕೆ ಬದಲಾಯಿಸಿದರೋ ನನಗೆ ಗೊತ್ತಿಲ್ಲ. ಅವರ ಮಾತು ಯಾರ ಕಿವಿಗಾದರೂ ಬಿದ್ದಿತ್ತೋ, ಇಲ್ಲ ಎರಡು ಬಗೆಯ ಗುಂಡು ತರಿಸಿ ಹಂಚುವುದು ಕಚೇರಿಗೆ ತಲೆನೋವಾಯಿತೋ… ಎರಡನೆಯದೇ ಇರಬೇಕು. ಇಲಾಖೆಯನ್ನು ನಾನು ಬಲ್ಲೆ. ಹೊಸ ಪಿಸ್ತೂಲಿನಲ್ಲಿ ಹೆಣ್ಣುಮಕ್ಕಳಿಗೆ ಕಲಿಸಿದವನೂ ನಾನೇ. ಸಾಲಾಗಿ ನಿಲ್ಲಿಸಿ, ಹಿಡಿಯಿರಿ, ಬೆರಳು ಚಾಚಿ ಎಂದೆ. ಎಲ್ಲರ ಬೆರಳೂ ಎಟುಕಿತು. ಮುಂದಿನ ಆಜ್ಞೆಯನ್ನು ಪಕ್ಕದವನು ಕೊಡಬೇಕಾಯಿತು.

ಅದಾಗಿ ಎಷ್ಟೋ ಕಾಲವಾಯಿತು. ನಾನೂ ಯೂನಿಫಾರಂ ಬಿಚ್ಚಿದೆ, ಡಿಎಸ್‌ಪಿ ತಮ್ಮ ಊರಿಗೆ ಹೋದರು, ಡ್ರೈವರ್ ಎಲ್ಲಿದ್ದಾನೋ ತಿಳಿಯದು.

ಈ ಸಲ ಪೂಜೆ ಮುಗಿಸಿ ನಾವು ಊಟಕ್ಕೆ ಏಳುವ ಹೊತ್ತಿಗೆ, ನಮ್ಮ ಬೀದಿಯ ಕೊನೆಯಲ್ಲಿ ಬಾಡಿಗೆಗಿರುವ ಸಬ್ ಇನ್‌ಸ್ಪೆಕ್ಟರ್ ಹುಡುಗಿ ಬಾಗಿಲಿಗೆ ಬಂದಳು. ಅವಳ ಅಪ್ಪ ಕರ್ನಾಟಕದಿಂದ ಬಂದು ಇಲ್ಲಿನ ಫ್ಯಾಕ್ಟರಿಯಲ್ಲಿ ದುಡಿದವರು. ಠಾಣೆಯ ಪೂಜೆಯ ಪುರಿ ಕಡಲೆಯ ಪೊಟ್ಟಣ ತಂದಿದ್ದಳು. ಯೂನಿಫಾರಂನಲ್ಲಿದ್ದಳು. ಹಬ್ಬದ ಡ್ಯೂಟಿಯಲ್ಲಿರುವವರು ಈಗ ಮರುಪೂಜೆಗೆ ಕಾಯುವುದಿಲ್ಲ, ಸೊಂಟದಲ್ಲಿ ಪಿಸ್ತೂಲಿತ್ತು. ನನ್ನ ಕಣ್ಣು ತಾನಾಗಿ ಅಲ್ಲಿಗೆ ಹೋಯಿತು. ಪಿಸ್ತೂಲಿನ ಹಿಡಿ ಕಪ್ಪಗೆ, ಚೊಕ್ಕಟವಾಗಿತ್ತು. ಪೌಚಿನ ಮೇಲೆ ಮಾತ್ರ ಗಂಧದ ಒಂದು ಬೊಟ್ಟು, ನಡುವೆ ಕುಂಕುಮ.

"ಗನ್ನಿಗೆ ಹಚ್ಚಲಿಲ್ವೇನಮ್ಮ?" ಎಂದು ಕೇಳಿದೆ.

"ಇಲ್ಲ ಅಂಕಲ್, ನಮ್ ಕಡೆ ಗನ್ನಿಗೆ ಹಚ್ಚಂಗಿಲ್ಲ. ಪೌಚಿಗೆ ಮಾತ್ರ."

"ಹಂಗಂತ ಯಾರು ಹೇಳಿದ್ರು?"

ಅವಳು ಪೊಟ್ಟಣವನ್ನು ನನ್ನ ಕೈಗೆ ಕೊಟ್ಟಳು. "ಯಾರೂ ಹೇಳಿಲ್ಲ ಅಂಕಲ್. ಮೊದ್ಲಿಂದ್ಲೂ ಅಂಗೇ."

ಹೇಳಬೇಕೆಂದು ಬಾಯಿ ತೆರೆದೆ. ಎಲ್ಲಿಂದ ಶುರು ಮಾಡಲಿ, ಇಟ್ಟಿಗೆಯಿಂದಲೋ, ಡ್ರೈವರನ ಭುಜದಿಂದಲೋ ಎಂದು ತಡವರಿಸುತ್ತಿರುವಾಗಲೇ ಅವಳ ಫೋನು ಬಡಿಯಿತು. ಬಂದೋಬಸ್ತಿಗೆ ಕರೆ. "ಬತ್ತೀನಿ ಅಂಕಲ್, ಆಂಟಿಗೆ ಹೇಳ್ಬುಡಿ" ಎಂದು ಗಾಡಿ ಹತ್ತಿ ಹೋದಳು. ಅವಳ ಸೊಂಟದಲ್ಲಿ ಇರುವುದು ಯಾರು ಕೇಳಿದ ಪಿಸ್ತೂಲು ಎಂಬುದು ಅವಳಿಗೆ ತಿಳಿಯದು, ಪೌಚಿನ ಮೇಲಿನ ಗಂಧ ಯಾರದೆಂಬುದೂ ತಿಳಿಯದು. ಇನ್‌ಸ್ಪೆಕ್ಟರಮ್ಮ ಇಲ್ಲವಲ್ಲ ಎಂದು ಇಷ್ಟು ವರ್ಷದ ಮೇಲೆ ಮತ್ತೆ ಹೊಸದಾಗಿ ದುಃಖವಾಯಿತು.

ಒಳಗೆ ಬಂದೆ. ಹೊಲಿಗೆ ಯಂತ್ರದ ಚಕ್ರದ ಸಂದಿಯಲ್ಲಿ ಗಂಧ ಇನ್ನೂ ಪೂರ್ತಿ ಒಣಗಿರಲಿಲ್ಲ. ಪೂಜೆಗಿಟ್ಟದ್ದನ್ನು ಮುಟ್ಟುತ್ತೀರಲ್ಲ ಎಂದು ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸಿ ತೆಗೆದು, ಬಟ್ಟಲಲ್ಲಿ ಉಳಿದಿದ್ದ ಗಂಧವನ್ನು ಕೆಳಗಿನ ಮರದ ಹಲಗೆಗೆ ಹಚ್ಚಿದೆ.